ನಿಮ್ಮೂರ ಕೆರೆ ಯಾರಿಗೆ ಏನು? ಅಳೆಯುವುದು ಹೀಗೆ

ಕೆರೆ ಅಭಿವೃದ್ಧಿ ಅಂದ ಕೂಡಲೇ ಸುತ್ತ ಬೇಲಿ, ವಾಕಿಂಗ್ ದಾರಿ, ಕಲ್ಲು ಬೆಂಚು ಬರುತ್ತವೆ. ಬೆಳಗ್ಗೆ ನಡೆಯಲು ಬರುವವರಿಗೆ ಅಷ್ಟು ಸಾಕು. ಆದರೆ ಬೆಂಗಳೂರಿನ ಜಕ್ಕೂರು ಕೆರೆಯನ್ನೇ ನೋಡಿ. ಅಲ್ಲಿಗೆ ಮೀನು ಹಿಡಿಯುವವರು, ಹಸುಗಳಿಗೆ ಹುಲ್ಲು ಕೊಯ್ಯುವವರೂ ಬರುತ್ತಾರೆ. ಅವರಿಗೆ ಬೇಕಾದ ಕೆರೆಯೇ ಬೇರೆ. ಯೋಜನೆ ಬರೆಯುವವರಿಗೆ ಅದು ಕಾಣಬೇಕು ಅಂದರೆ ಜನರನ್ನು ಕೇಳಿ, ಎಣಿಸಿ, ನಕ್ಷೆಯಲ್ಲಿ ತೋರಿಸಬೇಕು.

ಮೊದಲು ನಕ್ಷೆ. ಕೆರೆಯ ಉಪಗ್ರಹ ಚಿತ್ರವನ್ನು ಚಾಪೆಯಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಏರಿ, ತೂಬು, ಕೋಡಿ, ರಾಜಕಾಲುವೆ, ಗುಡಿ ಎಲ್ಲವನ್ನೂ ಗುರುತಿಸಿ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿ ಪಕ್ಕದಲ್ಲೇ ಬರೆಯಿರಿ. ಕಚೇರಿಯಲ್ಲಿ ‘ಅರಳಿಮರದ ಹತ್ತಿರ’ ಅಂದರೆ ಕೆಲಸ ಆಗುವುದಿಲ್ಲ.

ಆಮೇಲೆ ಬಣ್ಣದ ಸ್ಟಿಕ್ಕರ್ ಬೊಟ್ಟುಗಳನ್ನು ತನ್ನಿ. ಹಸಿರು ಅಂದರೆ ಹೊಟ್ಟೆಪಾಡು: ಹುಲ್ಲು, ಮೀನು, ಸೊಪ್ಪು. ಹಳದಿ ದೇವರಿಗೆ, ಹಬ್ಬಕ್ಕೆ. ನೀಲಿ ಹಕ್ಕಿಗೆ, ನೀರಿಗೆ. ಕೆಂಪು ಆಟಕ್ಕೆ, ನೆಮ್ಮದಿಗೆ. ‘ನಿಮಗೆ ಮುಖ್ಯವಾದ ಜಾಗ ಎಲ್ಲಿದೆ, ಅಂಟಿಸಿ’ ಅನ್ನಿ. ಯಾಕೆ ಅಂತ ಕೇಳಿ, ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ನಂತರ ಒಬ್ಬೊಬ್ಬರ ಕೈಗೂ 20 ಹುಣಸೆ ಬೀಜ ಕೊಡಿ. ಯಾವುದು ಜಾಸ್ತಿ ಮುಖ್ಯವೋ ಅದರ ಮುಂದೆ ಜಾಸ್ತಿ ಬೀಜ ಇಡಲಿ. ಓದು ಬಾರದವರಿಗೂ ಇದು ಸುಲಭ.

ಯಾರನ್ನು ಕೇಳುತ್ತೀರಿ ಅನ್ನುವುದೇ ಇಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ. ವಾಟ್ಸ್‌ಆ್ಯಪ್‌ನಲ್ಲಿ ಸುಮ್ನೆ ಒಂದು ಫಾರ್ಮ್ ಹರಿಬಿಟ್ಟರೆ ಅಪಾರ್ಟ್‌ಮೆಂಟಿನವರ ಉತ್ತರವೇ ತುಂಬುತ್ತದೆ. ನಸುಕಿನಲ್ಲಿ ಹೋದರೆ ಬಲೆ ಎಳೆಯುವವರು ಸಿಗುತ್ತಾರೆ. ಬಿಸಿಲೇರಿದ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸರು, ಸಂಜೆ ಹೊತ್ತು ಕುರಿ ಮೇಯಿಸುವವರು ಮತ್ತು ಮಕ್ಕಳು. ಪ್ರತಿ ಗುಂಪಿನಿಂದಲೂ ಸರಿಸುಮಾರು ಅಷ್ಟಷ್ಟೇ ಜನರನ್ನು ಮಾತಾಡಿಸಿ. ಹೊರೆ ಇಳಿಸಿ ಕೂರುವ ತನಕ ಕಾಯಿರಿ, ನಿಲ್ಲಿಸಿ ಕೇಳಬೇಡಿ. ಹೆಸರು, ಫೋನ್ ನಂಬರ್ ಬೇಡ.

ದುಡ್ಡಿನ ಲೆಕ್ಕವೂ ಬೇಕೇ? ಒಂದು ದಾರಿ, ಬರುವವರು ಹಾದಿಗೆ ಮಾಡುವ ಖರ್ಚು ಮತ್ತು ಸಮಯವನ್ನು ನೋಡುವುದು. 1947ರಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಇಲಾಖೆಗೆ ಪತ್ರ ಬರೆದು ಈ ವಿಧಾನ ಸೂಚಿಸಿದವರು ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೊಟೆಲಿಂಗ್. ಇನ್ನೊಂದು, ಉಳಿಸಲು ಎಷ್ಟು ಕೊಡುತ್ತೀರಿ ಅಂತ ನೇರವಾಗಿ ಕೇಳುವುದು. 1989ರಲ್ಲಿ ಅಲಾಸ್ಕದಲ್ಲಿ ಹಡಗಿನಿಂದ ತೈಲ ಸೋರಿದ ಮೇಲೆ, ಪರಿಸರಕ್ಕಾದ ನಷ್ಟವನ್ನು ಹೀಗೆ ಲೆಕ್ಕ ಹಾಕಬಹುದೇ ಅಂತ ದೊಡ್ಡ ಜಗಳವೇ ಆಯಿತು. ಅರ್ಥಶಾಸ್ತ್ರಜ್ಞರಾದ ಕೆನೆತ್ ಆರೋ, ರಾಬರ್ಟ್ ಸೊಲೊ ಮುಂದಾಳತ್ವದ ಸಮಿತಿ 1993ರಲ್ಲಿ ಹೇಳಿದ್ದು ಇಷ್ಟು: ‘ಎಷ್ಟು’ ಅಂತ ಕೇಳಬೇಡಿ, ಒಂದು ಮೊತ್ತ ಹೇಳಿ ಹೌದೋ ಅಲ್ಲವೋ ಕೇಳಿ. ಆ ದುಡ್ಡು ಬೇರೆ ಖರ್ಚಿಗೆ ಸಿಗುವುದಿಲ್ಲ ಅನ್ನುವುದನ್ನೂ ನೆನಪಿಸಿ.

ಆದರೂ ನಾನು ಬೀಜದ ಲೆಕ್ಕವನ್ನೇ ಹೆಚ್ಚು ನಂಬುತ್ತೇನೆ. ಹುಲ್ಲು ಕೊಯ್ಯುವಾಕೆ ಕೆರೆ ಉಳಿಸಲು 50 ರೂಪಾಯಿ ಕೊಡಲಾರಳು. ಹಾಗಂತ ಕೆರೆಯ ಬೆಲೆ ಆಕೆಗೆ ಕಡಿಮೆಯೇ? ಆಕೆಯ ಹಸು ಬದುಕುವುದೇ ಆ ಹುಲ್ಲಿನಿಂದ, ಅಲ್ವಾ. ಬೀಜ ಎಲ್ಲರಿಗೂ ಇಪ್ಪತ್ತೇ.

ಈಗ ಬೊಟ್ಟುಗಳನ್ನು ಎಣಿಸಿ. ಗುಂಪಿಗೊಂದು ನಕ್ಷೆ ಮಾಡಿ, ಒಂದರ ಮೇಲೊಂದು ಇಟ್ಟು ನೋಡಿ. ಎಲ್ಲಿ ಎಲ್ಲರ ಬೊಟ್ಟೂ ಸೇರಿದೆ, ಎಲ್ಲಿ ಹಸಿರು ಬೊಟ್ಟಿನ ಮೇಲೆ ಬೇಲಿ ಹಾದುಹೋಗುತ್ತದೆ ಅನ್ನುವುದು ತಕ್ಷಣ ಕಾಣುತ್ತದೆ. ಅಪರೂಪದ ಔಷಧಿ ಗಿಡ, ಹಕ್ಕಿಗೂಡಿನ ಜಾಗ ಮಾತ್ರ ಬಹಿರಂಗದ ನಕ್ಷೆಯಲ್ಲಿ ಬೇಡ. ಮುಗಿದ ನಕ್ಷೆಯನ್ನು ಏರಿಯ ಮೇಲೆ ಹರಡಿ, ಉತ್ತರ ಕೊಟ್ಟವರಿಗೆ ಮೊದಲು ತೋರಿಸಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ.

ನಗರದ ಮಾಸ್ಟರ್ ಪ್ಲಾನ್ ಕರಡು ಹೊರಬಂದು ಆಕ್ಷೇಪಣೆ ಕರೆದಾಗ ಇದನ್ನು ಲಗತ್ತಿಸಿ. ಪರಿಸರ ಅನುಮತಿಗೆ ಸಾರ್ವಜನಿಕ ಅಹವಾಲು ನಡೆಯುವುದಾದರೆ, 2006ರ ಪರಿಸರ ಪರಿಣಾಮ ಅಂದಾಜು (ಇಐಎ) ಅಧಿಸೂಚನೆಯ ಪ್ರಕಾರ ಕನಿಷ್ಠ 30 ದಿನ ಮೊದಲು ನೋಟಿಸ್ ಬರಬೇಕು. ಆ ದಿನಗಳೊಳಗೆ ನಕ್ಷೆ ಸಿದ್ಧವಿರಲಿ. 2002ರ ಜೀವವೈವಿಧ್ಯ ಕಾಯ್ದೆಯಡಿ ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಜನತಾ ಜೀವವೈವಿಧ್ಯ ದಾಖಲಾತಿಗೂ (ಊರಿನ ಗಿಡ, ಪ್ರಾಣಿ, ಅವುಗಳ ಬಳಕೆ ಬರೆದಿಡುವ ಪುಸ್ತಕ) ಒಂದು ಪ್ರತಿ ಕೊಡಿ. ಕೊಟ್ಟ ಪ್ರತಿಯೊಂದಕ್ಕೂ ತಾರೀಖಿನ ಸಮೇತ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.