ನೆಲ ನಿಜಕ್ಕೂ ಡೊಂಕಿತ್ತು: ಸ್ಲಿಂಗ್ ಬಿಗಿದಾಗ ಎಡಕ್ಕೆ ಹೋಗುವ ಗುಂಡು

ಮರಳುಚೀಲದ ಮೇಲಿಟ್ಟು ಝೀರೋ ಮಾಡಿದ (ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಸ್ಕೋಪ್ ಹೊಂದಿಸಿದ) ರೈಫಲ್, ಸ್ಲಿಂಗ್ (ರೈಫಲಿನ ಮುಂಭಾಗವನ್ನು ತೋಳಿಗೆ ಕಟ್ಟುವ ಪಟ್ಟಿ) ಬಿಗಿದು ಪ್ರೋನ್‌ನಲ್ಲಿ, ಅಂದರೆ ಹೊಟ್ಟೆಯ ಮೇಲೆ, ಮಲಗಿದ ಕೂಡಲೇ ಎಡಕ್ಕೆ ಹೊಡೆಯುತ್ತದೆ ಅಂದಾಗ ಜೊತೆಯವರು ನಕ್ಕರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಒಬ್ಬರು ಮುಖದ ಮೇಲೇ ಅಂದರು. ಟ್ರಿಗರ್ ಎಳೆತ ನೋಡಿಕೋ, ಕಣ್ಣು ಮುಚ್ಚಿ ಉಸಿರು ಬಿಟ್ಟು ತೆರೆದು ಸಹಜ ಗುರಿ ಎಲ್ಲಿ ನಿಲ್ಲುತ್ತದೆ ನೋಡು ಅಂತೆಲ್ಲ ಸಲಹೆ. ಅದನ್ನೆಲ್ಲ ಮಾಡಿ ಮುಗಿಸಿಯೇ ನಾನು ಬಾಯಿ ಬಿಟ್ಟಿದ್ದು.

ನನ್ನದು ಪಾಯಿಂಟ್ 22 ಬೋಲ್ಟ್ ಆಕ್ಷನ್, ಬ್ಯಾರೆಲನ್ನು ಹೊರುವ ಸ್ಟಾಕ್ ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್‌ನದು, ಮೇಲೆ ಸ್ಕೋಪ್. ಬಲಗೈ ಶೂಟರ್. 50 ಮೀಟರ್‌ನಲ್ಲಿ ಗ್ರೂಪ್ (ಸಾಲಾಗಿ ಹೊಡೆದ ಗುಂಡುಗಳ ಗುಂಪು) ಬಿಗಿಯಾಗಿಯೇ ಬೀಳುತ್ತಿತ್ತು, ಆದರೆ ಇಡೀ ಗ್ರೂಪ್ ಹದಿನೈದು ಹದಿನಾರು ಮಿಲಿಮೀಟರ್ ಎಡಕ್ಕೆ. 50 ಮೀಟರ್ ಟಾರ್ಗೆಟ್‌ನಲ್ಲಿ ಹತ್ತರ ವೃತ್ತದ ವ್ಯಾಸವೇ 10.4 ಮಿಲಿಮೀಟರ್. ಅಷ್ಟು ಸರಿದರೆ ಅದೃಷ್ಟವಿದ್ದರೆ ಒಂಬತ್ತರ ಗೆರೆ ತಾಗುತ್ತದೆ, ಇಲ್ಲದಿದ್ದರೆ ಎಂಟು.

ಮೊದಲು ಹಣ ಸುರಿದದ್ದು ಸ್ಕೋಪ್ ರಿಂಗ್‌ಗಳಿಗೆ. ಆಮೇಲೆ ಟ್ರಿಗರ್. ಆಮೇಲೆ ಬೇರೆ ಬೇರೆ ಲಾಟ್‌ನ (ತಯಾರಿಕೆಯ ಕಂತಿನ) ಗುಂಡು, ಪೆಟ್ಟಿಗೆಗಟ್ಟಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಒಟ್ಟು ಕೂಡಿಸಿದರೆ ಒಳ್ಳೆಯ ಅಲ್ಯೂಮಿನಿಯಂ ಸ್ಟಾಕೇ ಬರುತ್ತಿತ್ತೇನೋ. ಗ್ರೂಪ್ ಎಡದಲ್ಲೇ ಕೂತಿತ್ತು.

ಸುಳಿವು ಸಿಕ್ಕಿದ್ದು ಸ್ಟ್ಯಾಂಡಿಂಗ್‌ನಲ್ಲಿ. ನಿಂತು ಹೊಡೆದರೆ ನನ್ನ ಗ್ರೂಪ್ ತಟ್ಟೆಯಷ್ಟಗಲ, ಅದರಲ್ಲಿ ಮುಚ್ಚುಮರೆ ಇಲ್ಲ. ಆದರೆ ಆ ತಟ್ಟೆಯ ನಡು ಮರಳುಚೀಲದ ಝೀರೋಗೇ ಬಂದು ಕೂತಿತ್ತು. ನಿಂತಾಗ ಸ್ಲಿಂಗ್ ಇಲ್ಲ, ಕೈ ಇರುವುದು ಟ್ರಿಗರ್ ಗಾರ್ಡ್‌ನ ಹತ್ತಿರ. ಫೋರ್‌ಎಂಡ್ (ಸ್ಟಾಕಿನ ಮುಂಭಾಗ) ಮೇಲೆ ಎಳೆತವೇ ಇಲ್ಲ. ನೀಲಿಂಗ್‌ನಲ್ಲಿ, ಅಂದರೆ ಮಂಡಿಯೂರಿ ಹೊಡೆಯುವಾಗ, ಸ್ಲಿಂಗ್ ಇದೆ, ಆದರೆ ನಾನು ಸಡಿಲವಾಗಿ ಕಟ್ಟುತ್ತೇನೆ. ಅಲ್ಲಿ ಎಡಕ್ಕೆ ಸರಿದದ್ದು ಪ್ರೋನ್‌ನ ಅರ್ಧದಷ್ಟು. ಎಳೆತ ಹೆಚ್ಚಿದಂತೆ ಗುಂಡು ಸರಿಯುತ್ತಿದೆ ಅಂದಮೇಲೆ ಟ್ರಿಗರ್ ಬೆರಳನ್ನು ಯಾಕೆ ಬೈಯಬೇಕು?

ಆದರೆ ಬ್ಯಾರೆಲ್ ಸ್ಟಾಕಿಗೆ ತಾಗದಂತೆ ಫ್ರೀ ಫ್ಲೋಟ್ ಇದೆಯಲ್ಲ, ನಡುವಿನ ಸಂದಿನಲ್ಲಿ ಕಾಗದ ಆರಾಮವಾಗಿ ಜಾರುತ್ತದಲ್ಲ ಅಂದರು. ಜಾರುತ್ತದೆ, ಮೇಜಿನ ಮೇಲೆ. ಬೋಲ್ಟ್ ತೆಗೆದು, ಪ್ರೋನ್‌ನಲ್ಲಿ ಮಲಗಿ, ಸ್ಲಿಂಗ್ ಪೂರ್ತಿ ಬಿಗಿದು, ಗೆಳೆಯನಿಗೆ ಕಾಗದದ ಪಟ್ಟಿ ಎಳೆಯಲು ಹೇಳಿದೆ. ಎಡಬದಿಯಲ್ಲಿ ಸಲೀಸಾಗಿ ಬಂತು. ಬಲಬದಿಯಲ್ಲಿ ಫೋರ್‌ಎಂಡ್ ತುದಿಯಿಂದ ಎರಡು ಬೆರಳು ಹಿಂದೆ ಸಿಕ್ಕಿಕೊಂಡು ಹರಿಯಿತು. ಬಿಚ್ಚಿ ನೋಡಿದರೆ ಅದೇ ಜಾಗದಲ್ಲಿ ಬ್ಯಾರೆಲ್‌ನ ಕಪ್ಪು ಬಣ್ಣ ಉಜ್ಜಿ, ಉಗುರಿನಗಲ ಹೊಳೆಯುತ್ತಿತ್ತು. ಎಡತೋಳಿಗೆ ಕಟ್ಟಿದ ಸ್ಲಿಂಗ್ ಸ್ಟಾಕನ್ನು ಎಡಕ್ಕೆಳೆಯುತ್ತದೆ, ಸ್ಟಾಕಿನ ಬಲಗೋಡೆ ಬ್ಯಾರೆಲನ್ನು ಎಡಕ್ಕೆ ತಳ್ಳುತ್ತದೆ, ಅಷ್ಟೇ ಕಥೆ. ಬ್ಯಾರೆಲ್ ಮೂತಿ ಕಾಲು ಮಿಲಿಮೀಟರ್ ಬಾಗಿದರೂ ಇಷ್ಟು ಅನಾಹುತಕ್ಕೆ ಸಾಕು. ಸ್ಕೋಪ್ ಕೂತಿರುವುದು ಬ್ಯಾರೆಲ್ ಹಿಂದಿನ ರಿಸೀವರ್ ಮೇಲೆ, ಅದಕ್ಕೆ ಈ ಬಾಗು ಕಾಣುವುದೇ ಇಲ್ಲ. ಸ್ಕೋಪ್ ಇಲ್ಲದೆ ಐರನ್ ಸೈಟ್‌ನಲ್ಲಿ (ಹಿಂದೊಂದು ಮುಂದೊಂದು ಲೋಹದ ಗುರಿಗುರುತು) ಹೊಡೆಯುವವರು ಇದನ್ನು ನಂಬದಿರಲು ಕಾರಣವೂ ಇದೇ ಇರಬೇಕು: ಮುಂದಿನ ಸೈಟ್ ಬ್ಯಾರೆಲ್ ಜೊತೆಗೇ ಸರಿಯುವುದರಿಂದ ಅವರು ಗೊತ್ತಿಲ್ಲದೆಯೇ ಅರ್ಧ ತಪ್ಪನ್ನು ತಿದ್ದಿಕೊಂಡಿರುತ್ತಾರೆ.

ಅಳತೆಗೆ ರೈಫಲನ್ನು ಎಡಪಕ್ಕ ಕೆಳಗೆ ಬರುವಂತೆ ವೈಸ್‌ನಲ್ಲಿ ಹಿಡಿಸಿ, ಡಯಲ್ ಗೇಜ್‌ನ ಮ್ಯಾಗ್ನೆಟ್ ಬ್ಯಾರೆಲ್‌ಗೆ, ಮುಳ್ಳು ಫೋರ್‌ಎಂಡ್‌ಗೆ ತಾಗಿಸಿ, ಸ್ಲಿಂಗ್ ಸಿಕ್ಕಿಸುವ ಸ್ವಿವೆಲ್‌ಗೆ ತೂಕ ನೇತುಹಾಕಿದೆ. ಮಲಗಿದಾಗಿನ ಸ್ಲಿಂಗ್ ಎಳೆತ ಸ್ಪ್ರಿಂಗ್ ತಕ್ಕಡಿಯಲ್ಲಿ ಹತ್ತು ಕಿಲೋ ಹತ್ತಿರ ಬಂದಿತ್ತು, ಅದರಲ್ಲಿ ಪಕ್ಕಕ್ಕೆಳೆಯುವ ಪಾಲು ಮೂರೋ ನಾಲ್ಕೋ ಕಿಲೋ ಎಂದು ಲೆಕ್ಕ ಹಿಡಿದೆ. ನಾಲ್ಕು ಕಿಲೋಗೆ ತುದಿ ಒಂದು ಮಿಲಿಮೀಟರ್‌ಗಿಂತ ಹೆಚ್ಚು ಬಾಗಿತು. ಬ್ಯಾರೆಲ್‌ಗೂ ಸ್ಟಾಕಿಗೂ ಇದ್ದ ಸಂದು ಮುಕ್ಕಾಲು ಮಿಲಿಮೀಟರ್.

ಮೊದಲ ಪ್ರಯೋಗ ಬಲಗೋಡೆಯನ್ನು ಉಜ್ಜಿ ಸಂದು ಹೆಚ್ಚಿಸುವುದು. ಗೋಡೆ ತೆಳುವಾಯಿತು, ಸ್ಟಾಕ್ ಇನ್ನಷ್ಟು ಬಾಗಿತು, ಬ್ಯಾರೆಲ್ ಮತ್ತೆ ತಾಗಿತು. ಎರಡನೆಯದು ಫೋರ್‌ಎಂಡ್ ಒಳಗಿನ ಪೊಳ್ಳಿಗೆ ಕಾರ್ಬನ್ ಕೊಳವೆ ಇಟ್ಟು ಎಪಾಕ್ಸಿ ಸುರಿಯುವುದು. ಬಿಸಿಲಿನಲ್ಲಿ ಒಂದು ಸೆಷನ್ ಹೊಡೆದದ್ದೇ ತಡ, ಇಡೀ ಗಟ್ಟಿ ಸಾಬೂನಿನಂತೆ ಕಳಚಿ ಕೈಗೆ ಬಂತು. ಈ ಪ್ಲಾಸ್ಟಿಕ್‌ಗೆ ಎಪಾಕ್ಸಿ ಬರೀ ಅಂಟಿನ ಬಲದ ಮೇಲೆ ನಿಲ್ಲುವುದಿಲ್ಲ. ಒಳಗಿನ ಅಡ್ಡಪಟ್ಟಿಗಳಿಗೆ ತೂತು ಕೊರೆದು, ಎಪಾಕ್ಸಿ ಆರುಪಾರು ಹರಿದು ಕಚ್ಚಿಕೊಳ್ಳುವಂತೆ ಮಾಡಿದ ಮೇಲೆ ಹಿಡಿಯಿತು. ಎಪಾಕ್ಸಿಗೆ ಏನು ಬೆರೆಸಿದೆ, ಕೊಳವೆಗಳನ್ನು ಯಾವ ಕೋನದಲ್ಲಿಟ್ಟೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ನಕ್ಕವರೂ ಸ್ವಲ್ಪ ಒದ್ದಾಡಲಿ. ತೂಕ ಸುಮಾರು ನೂರೈವತ್ತು ಗ್ರಾಂ ಏರಿತು, ಅದು ಲಾಭವೇ. ಖರ್ಚು ಎರಡು ಪೆಟ್ಟಿಗೆ ಗುಂಡಿನದನ್ನೂ ಮುಟ್ಟಲಿಲ್ಲ.

ಈಗ ನಾಲ್ಕು ಕಿಲೋಗೆ ಬಾಗುವುದು ಕಾಲು ಮಿಲಿಮೀಟರ್ ಆಸುಪಾಸು. ರಿಸೀವರನ್ನು ಸ್ಟಾಕಿಗೆ ಬಿಗಿಯುವ ಆಕ್ಷನ್ ಸ್ಕ್ರೂಗಳನ್ನು ಟಾರ್ಕ್ ಡ್ರೈವರ್‌ನಲ್ಲಿ ಎರಡೂವರೆ ನ್ಯೂಟನ್ ಮೀಟರ್‌ಗೆ ನಿಲ್ಲಿಸುತ್ತೇನೆ. ನನ್ನ ಈ ಪ್ಲಾಸ್ಟಿಕ್ ಸ್ಟಾಕ್‌ಗೆ ಅದಕ್ಕಿಂತ ಬಿಗಿದರೆ ಸ್ಟಾಕೇ ನಲುಗೀತು.

ನಡುವೆ ಚೀಕ್‌ಪೀಸ್ (ಸ್ಟಾಕಿನ ಕೆನ್ನೆಯಾಸರೆ) ಮೇಲೆ ಕೆನ್ನೆ ಒತ್ತಿ, ಹಗುರಾಗಿಟ್ಟು, ಎರಡೂ ರೀತಿ ಹೊಡೆದು ನೋಡಿದೆ. ಮೂರ್ನಾಲ್ಕು ಮಿಲಿಮೀಟರ್ ವ್ಯತ್ಯಾಸ ಬಂತು. ಅದರಲ್ಲಿ ಬಹುಪಾಲು ಸ್ಕೋಪ್‌ನ ಪ್ಯಾರಲಾಕ್ಸ್ (ಕಣ್ಣು ಸರಿದರೆ ಗುರಿ ಸರಿದಂತೆ ಕಾಣುವುದು), 50 ಮೀಟರ್‌ಗೆ ಸರಿಯಾಗಿ ಹೊಂದಿಸಿದ ಮೇಲೆ ಹೋಯಿತು. ಫೋರ್‌ಎಂಡ್ ಕೆಳಗಿನ ಕೈತಡೆಯಾದ ಹ್ಯಾಂಡ್‌ಸ್ಟಾಪ್ ಹಿಂದೆ ಮುಂದೆ ಸರಿಸಿದ್ದರಿಂದ ಗುಂಡಿಗೇನೂ ಆಗಲಿಲ್ಲ, ಮೊಣಕೈ ಮಾತ್ರ ನೋವು.

ಮರಳುಚೀಲಕ್ಕೂ ಪ್ರೋನ್‌ಗೂ ಈಗ ಸ್ಕೋಪ್ ಗುಬ್ಬಿಯ ಒಂದು ಕ್ಲಿಕ್ ಅಂತರ, ಅಂದರೆ ಕೋನದಲ್ಲಿ ಕಾಲು ಮಿನಿಟ್, 50 ಮೀಟರ್‌ನಲ್ಲಿ ಸುಮಾರು ಮೂರೂವರೆ ಮಿಲಿಮೀಟರ್. ಅದು ಭುಜ ಹಿಡಿಯುವ ರೀತಿಯದ್ದು, ಸ್ಟಾಕಿನದಲ್ಲ. ಹಾಗಾಗಿ ಝೀರೋ ಮಾಡುವುದೂ ಸ್ಲಿಂಗ್ ಹಾಕಿಯೇ, ಸ್ಲಿಂಗ್‌ನ ಅದೇ ತೂತಿಗೆ ಕೊಕ್ಕೆ ಸಿಕ್ಕಿಸಿಯೇ. ಸ್ಲಿಂಗ್ ಬದಲು ಬೈಪಾಡ್ (ಎರಡು ಕಾಲಿನ ಆಸರೆ) ಮೇಲೆ ಮೈಭಾರ ಹಾಕಿ ಒತ್ತಿದರೆ ಇನ್ನೂ ಎರಡು ಕ್ಲಿಕ್ ಮೇಲಕ್ಕೆ ಹೋಗುತ್ತದೆ. ಒತ್ತದೆ ಬಿಟ್ಟರೆ ಹೋಗುವುದಿಲ್ಲ.