ಯುದ್ಧಕಾಲದ ಬಿಎಸ್‌ಎ ಎಂ20 ಬೈಕನ್ನು ಮೂಲರೂಪಕ್ಕೆ ತರುವ ಕ್ರಮ

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಬಿಎಸ್‌ಎ (ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್) ಕಂಪನಿಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದ ಸ್ಮಾಲ್ ಹೀತ್ ಕಾರ್ಖಾನೆಯಿಂದ ಸುಮಾರು 1,26,000 ಎಂ20 ಬೈಕುಗಳು ಸೇನೆಗೆ ಹೋದವು. 496 ಸಿಸಿಯ ಒಂದೇ ಸಿಲಿಂಡರು, ಸೈಡ್ ವಾಲ್ವ್ (ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿರುವ ಹಳೆಯ, ಸರಳ ರಚನೆ), ಹದಿಮೂರು ಅಶ್ವಶಕ್ತಿಯಷ್ಟು ಬಲ, ಹಿಂಬದಿಯಲ್ಲಿ ಸ್ಪ್ರಿಂಗೇ ಇಲ್ಲದ ಗಟ್ಟಿ ಫ್ರೇಮು: ವೇಗಕ್ಕಲ್ಲ, ಕೆಟ್ಟರೆ ದಾರಿಬದಿಯಲ್ಲೇ ಬಿಚ್ಚಿ ಸರಿಮಾಡುವುದಕ್ಕೆಂದು ಮಾಡಿದ ಯಂತ್ರ ಇದು. ಇಂಥ ಬೈಕು ಕೈಗೆ ಸಿಕ್ಕವರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಅದನ್ನು ಹೊಳಪು ಬಣ್ಣ ಬಳಿದು, ಕ್ರೋಮ್ ಹಾಕಿಸಿ ಮದುವಣಗಿತ್ತಿಯಂತೆ ಸಿಂಗರಿಸುವುದು. ಸೇನೆಗೆ ಬಂದ ದಿನ ಅದು ಹಾಗಿರಲಿಲ್ಲ.

ಆದ್ದರಿಂದ ಪಾನಾ ಹಿಡಿಯುವ ಮೊದಲು ಬೈಕಿನ ಚರಿತ್ರೆಯನ್ನು ಓದಿಕೊಳ್ಳಬೇಕು. ಫ್ರೇಮ್ ಸಂಖ್ಯೆಯ ಮುಂದೆ ಡಬ್ಲ್ಯುಎಂ20 ಎಂದಿದ್ದರೆ ಅದು ಸೇನೆಗಾಗಿಯೇ ಕಟ್ಟಿದ ಬೈಕು. ಎಂಜಿನ್ ಸಂಖ್ಯೆ ಫ್ರೇಮಿಗೆ ಹೊಂದದಿದ್ದರೆ ಮೋಸವಾಯಿತೆಂದು ಗಾಬರಿಯಾಗಬೇಕಾಗಿಲ್ಲ. ಸೇನೆಯ ವರ್ಕ್‌ಶಾಪುಗಳು ಎಂಜಿನ್‌ಗಳನ್ನು ಒಂದರಿಂದ ಇನ್ನೊಂದಕ್ಕೆ ಧಾರಾಳವಾಗಿ ಬದಲಿಸುತ್ತಿದ್ದವು. ಬಣ್ಣದ ಸಾಕ್ಷ್ಯವನ್ನು ಟ್ಯಾಂಕಿನ ಅಡಿಭಾಗದಲ್ಲೋ ಟೂಲ್‌ಬಾಕ್ಸ್ ಮುಚ್ಚಳದ ಒಳಗೋ ಹುಡುಕಬೇಕು. ನಾಣ್ಯದಗಲದ ಜಾಗವನ್ನು ಆರಿಸಿಕೊಂಡು, ನೀರು ಹಚ್ಚಿದ ನುಣುಪು ಎಮರಿ ಕಾಗದದಿಂದ ದುಂಡಗೆ, ನಿಧಾನವಾಗಿ ಉಜ್ಜುತ್ತಾ ಹೋದರೆ ಹಳೆಯ ಪದರಗಳು ಈರುಳ್ಳಿ ಹೋಳಿನ ಉಂಗುರಗಳಂತೆ ಒಂದರೊಳಗೊಂದು ತೆರೆದುಕೊಳ್ಳುತ್ತವೆ. ಯುದ್ಧದ ಆರಂಭದ ಖಾಕಿ ಗ್ರೀನ್, 1941ರ ನಂತರದ ಎಸ್‌ಸಿಸಿ 2 (ಎಸ್‌ಸಿಸಿ ಎಂದರೆ ಸೇನೆಯ ಮರೆಮಾಚುವ ಬಣ್ಣಗಳ ಪಟ್ಟಿ) ಎಂಬ ಕಂದು, 1944ರ ಎಸ್‌ಸಿಸಿ 15 ಎಂಬ ಆಲಿವ್, ಇವುಗಳಲ್ಲಿ ಯಾವುದು ಲೋಹಕ್ಕೆ ಅತಿ ಹತ್ತಿರವಿದೆಯೋ ಅದೇ ನಿಮ್ಮ ಬೈಕಿನ ಮೊದಲ ಬಣ್ಣ. ಆ ಕಾಲದ ಬಣ್ಣದಲ್ಲಿ ಸೀಸವಿರುವ ಸಾಧ್ಯತೆಯಿರುವುದರಿಂದ ಒಣಗಿದ್ದಾಗ ಉಜ್ಜಬಾರದು. ಅದೇ ರೀತಿ ಹಳೆಯ ಬ್ರೇಕ್ ಲೈನಿಂಗ್‌ನಲ್ಲಿ ಕಲ್ನಾರು ಇರಬಹುದಾದ್ದರಿಂದ ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಬಿಚ್ಚುವಾಗ ಮೆಟ್ರಿಕ್ ಪಾನಾಗಳನ್ನು ದೂರ ಇಡಿ. ಇಲ್ಲಿನ ಬೋಲ್ಟುಗಳು ವಿಟ್ವರ್ತ್ ಎಂಬ ಹಳೆಯ ಬ್ರಿಟಿಷ್ ಅಳತೆಯ ತಲೆಯವು, ಅನೇಕ ಕಡೆ ಅಂಗುಲಕ್ಕೆ 26 ಸುತ್ತಿನ ಸೈಕಲ್ ಥ್ರೆಡ್‌ನವು. ಸ್ವಲ್ಪ ಸಡಿಲವಾದ ಪಾನಾ ಒಮ್ಮೆ ಜಾರಿದರೂ ಮೂಲೆಗಳು ಸವೆದು ಬೋಲ್ಟು ಮತ್ತೆ ಕೈಗೆ ಬರುವುದಿಲ್ಲ. ಪ್ರತಿ ಹಂತದಲ್ಲೂ ಫೋಟೊ ತೆಗೆದು, ನಟ್ಟುಗಳನ್ನು ಅವುಗಳ ಬೋಲ್ಟಿಗೇ ತಿರುಗಿಸಿ ಇಟ್ಟುಕೊಳ್ಳುವುದು ಒಳ್ಳೆಯದು. ನೆನಪಿನಲ್ಲಿ ಉಳಿಯುತ್ತದೆಂಬ ಭರವಸೆಯ ಮೇಲೆ ಡಬ್ಬಿಗೆ ಸುರಿದ ವಾಷರುಗಳು ನನಗೆ ಒಂದು ವಾರದ ಕೆಲಸ ಹೆಚ್ಚಿಸಿದ್ದವು.

ತುಕ್ಕು ಹಿಡಿದ ಮಡ್‌ಗಾರ್ಡು, ಸ್ಟ್ಯಾಂಡುಗಳಿಗೆ ಒತ್ತಡದ ಗಾಳಿಯಿಂದ ಮರಳು ಬೀಸುವುದಕ್ಕಿಂತ ವಾಷಿಂಗ್ ಸೋಡಾ ಮತ್ತು ವಿದ್ಯುತ್ತಿನ ವಿಧಾನ ಸೌಮ್ಯವಾದದ್ದು. ಪ್ಲಾಸ್ಟಿಕ್ ತೊಟ್ಟಿಯಲ್ಲಿ ಲೀಟರಿಗೊಂದು ಚಮಚದಂತೆ ಸೋಡಾ ಕರಗಿಸಿ, ಬ್ಯಾಟರಿ ಚಾರ್ಜರಿನ ನೆಗೆಟಿವ್ ತಂತಿಯನ್ನು ಬಿಡಿಭಾಗಕ್ಕೂ ಪಾಸಿಟಿವ್ ತಂತಿಯನ್ನು ಬೇಡವಾದ ಕಬ್ಬಿಣದ ತುಂಡಿಗೂ ಕಟ್ಟಿ, ಎರಡೂ ಒಂದಕ್ಕೊಂದು ತಾಗದಂತೆ ಮುಳುಗಿಸಬೇಕು. ಆಗ ಏಳುವ ಗುಳ್ಳೆಗಳಲ್ಲಿ ಹೈಡ್ರೋಜನ್ ಇರುವುದರಿಂದ ಈ ಕೆಲಸ ಬಯಲಿನಲ್ಲೇ ಆಗಬೇಕು. ಪಾಸಿಟಿವ್ ಕಡೆ ಸ್ಟೇನ್‌ಲೆಸ್ ಸ್ಟೀಲ್ ಬಳಸಿದರೆ ವಿಷಕಾರಿ ಕ್ರೋಮಿಯಂ ನೀರಿಗೆ ಸೇರುತ್ತದೆ. ಅಲ್ಯೂಮಿನಿಯಂ ಭಾಗಗಳನ್ನು ಸೋಡಾ ತಿಂದುಹಾಕುತ್ತದೆ. ಸ್ಪ್ರಿಂಗುಗಳು ಹೈಡ್ರೋಜನ್ ಹೀರಿ ಪೆಡಸಾಗುತ್ತವೆ. ಈ ಎರಡನ್ನೂ ತೊಟ್ಟಿಗೆ ಹಾಕಲೇಬಾರದು.

ಎಂಜಿನ್ ಜಾಮ್ ಆಗಿದ್ದರೆ ಕಿಕ್ಕರಿನ ಮೇಲೆ ಹತ್ತಿ ನಿಂತು ಬಲ ಹಾಕಬೇಡಿ. ಸ್ಪಾರ್ಕ್ ಪ್ಲಗ್ ತೆಗೆದು ತೆಳು ಎಣ್ಣೆ ಸುರಿದು ಕೆಲವು ದಿನ ಬಿಡಿ. ಎಂಜಿನ್ನಿನ ಕೆಳಭಾಗದ ಅಲ್ಯೂಮಿನಿಯಂ ಕವಚವಾದ ಕ್ರ್ಯಾಂಕ್‌ಕೇಸಿನಿಂದ ಬೇರಿಂಗ್ ತೆಗೆಯಬೇಕಾದಾಗ ಸುತ್ತಿಗೆಗಿಂತ ಶಾಖವೇ ಒಳ್ಳೆಯ ಉಪಕರಣ: ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುವುದರಿಂದ, ಕೇಸನ್ನು ಕುದಿಯುವ ನೀರಿನಷ್ಟು ಬಿಸಿ ಮಾಡಿ ಮರದ ಹಲಗೆಗೆ ಮೆಲ್ಲಗೆ ತಟ್ಟಿದರೆ ಬೇರಿಂಗ್ ತಾನಾಗಿ ಬಿದ್ದುಬಿಡುತ್ತದೆ. ಈ ಎಂಜಿನ್ನಿನ ಎಣ್ಣೆ ಪ್ರತ್ಯೇಕ ಟ್ಯಾಂಕಿನಲ್ಲಿದ್ದು ಪಂಪಿನ ಮೂಲಕ ಸುತ್ತುತ್ತದೆ. ತಳದಲ್ಲಿ ಎಣ್ಣೆ ಹೀರುವ ಕೊಳವೆಯೊಳಗೆ ಒಂದು ಪುಟ್ಟ ಗುಂಡಿನ ವಾಲ್ವ್ ಇದ್ದು, ಜಿಡ್ಡು ಕಟ್ಟಿ ಆ ಗುಂಡು ಅಂಟಿಕೊಂಡರೆ ಎಣ್ಣೆ ಟ್ಯಾಂಕಿಗೆ ಮರಳದೆ ಕೇಸಿನಲ್ಲೇ ತುಂಬಿ ಹೊಗೆಯೆಬ್ಬಿಸುತ್ತದೆ. ತಂತಿಯ ತುದಿಯಿಂದ ಮೆಲ್ಲಗೆ ಒತ್ತಿ, ಗುಂಡು ಸಲೀಸಾಗಿ ಏರಿಳಿಯುವುದನ್ನು ಕಂಡ ಮೇಲೆಯೇ ತಳದ ತಟ್ಟೆ ಮುಚ್ಚಬೇಕು.

ತಣ್ಣಗಿದ್ದಾಗ ಚೆನ್ನಾಗಿ ಶುರುವಾಗಿ, ಬಿಸಿಯಾದಂತೆ ನಿಂತುಹೋಗುವ ಬೈಕಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಕಾರ್ಬ್ಯುರೇಟರನ್ನಲ್ಲ, ಸ್ಪಾರ್ಕ್ ಪ್ಲಗ್ಗಿನ ಕಿಡಿಗೆ ವಿದ್ಯುತ್ತು ಹುಟ್ಟಿಸುವ ಮ್ಯಾಗ್ನೆಟೊವನ್ನು. ಒಳಗಿನ ಕಂಡೆನ್ಸರ್ ದಶಕಗಳಲ್ಲಿ ಸತ್ತಿರುತ್ತದೆ, ಸುರುಳಿಯ ಅರಗು ಮೆತ್ತಗಾಗಿರುತ್ತದೆ. ಅದರ ರೀವೈಂಡಿಂಗನ್ನು ಬಲ್ಲವರಿಗೆ ಒಪ್ಪಿಸಿ. ಅದರೊಳಗೆ ತೆರೆದು ಮುಚ್ಚುವ ಸಂಪರ್ಕ ತುದಿಗಳಾದ ಪಾಯಿಂಟುಗಳ ಅಂತರವನ್ನು 0.3 ಮಿ.ಮೀ.ಗೆ ಹೊಂದಿಸುವುದು ಮನೆಯಲ್ಲೇ ಆಗುವ ಕೆಲಸ. ಮುಂದಿನ ಗರ್ಡರ್ ಫೋರ್ಕಿನ ಪಿನ್ನು, ಬುಷ್ಷುಗಳು ಸವೆದಿದ್ದರೆ ಹ್ಯಾಂಡಲ್ ಅಲ್ಲಾಡುತ್ತದೆ. ಪಿನ್ನಿನ ಬಳಿಯ ಗೀರಿರುವ ವಾಷರು ಬೆರಳಲ್ಲಿ ತುಸು ಬಿಗಿಯಾಗಿ ತಿರುಗುವಷ್ಟೇ ಹೊಂದಾಣಿಕೆ ಸಾಕು.

ಬಣ್ಣ ಹೊಳಪಿಲ್ಲದ್ದೇ ಇರಲಿ. 1942ರ ಬಳಿಕ ರಬ್ಬರಿನ ಕೊರತೆಯಿಂದಾಗಿ ಕ್ಯಾನ್ವಾಸ್ ಸುತ್ತಿದ ಹಿಡಿಗಳೂ ಬರಿಯ ಲೋಹದ ಕಾಲ್ಮಣೆಗಳೂ ಬಂದವು. ಆ ಕಾಲದ ಬೈಕಾದರೆ ರಬ್ಬರು ಹಾಕುವುದೇ ತಪ್ಪು.

ಮೊದಲ ಬಾರಿ ಒದೆಯುವ ಮುನ್ನ ಇಗ್ನಿಷನ್ ಲಿವರನ್ನು ರಿಟಾರ್ಡ್ ಮಾಡಿಕೊಳ್ಳಿ (ಅಂದರೆ ಕಿಡಿ ತುಸು ತಡವಾಗಿ ಹಾರುವಂತೆ ಸರಿಸಿ), ಇಲ್ಲವಾದರೆ ಕಿಕ್ಕರು ಹಿಮ್ಮುಖವಾಗಿ ಕಾಲಿಗೆ ಬಡಿಯುತ್ತದೆ. ಎಂಜಿನ್ ಹತ್ತಿಕೊಂಡ ಕೂಡಲೇ ಎಣ್ಣೆ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ: ಹಿಂದಿರುಗುವ ಕೊಳವೆಯಿಂದ ಎಣ್ಣೆ ಬಿಟ್ಟು ಬಿಟ್ಟು ಉಗುಳುತ್ತಿರಬೇಕು. ಕಾಣದಿದ್ದರೆ ತಕ್ಷಣ ನಿಲ್ಲಿಸಿ, ಆ ಗುಂಡಿನ ವಾಲ್ವನ್ನು ಮತ್ತೆ ನೋಡಿ. ಮೊದಲ ಚಿಕ್ಕ ಓಟದ ನಂತರ ಎಂಜಿನ್ ಪೂರ್ತಿ ತಣ್ಣಗಾಗಲು ಬಿಟ್ಟು ಹೆಡ್ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಮಾಡಿ, ವಾಲ್ವಿನ ಅಂತರವನ್ನು ಅಳೆದುಕೊಳ್ಳಿ.