ಜಿಪ್ಸಿಗೆ ಮೊದಲು ಮುಂದಿನ ಹೌಸಿಂಗ್, ಟೈರು ಆಮೇಲೆ

ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಕಡೆಯ ಗುಡ್ಡದಂಚಿನಲ್ಲಿ ನಮ್ಮ ಮಾವಿನ ತೋಟವಿದೆ. ಡಾಂಬರು ಮುಗಿದ ಮೇಲೆ ಕಲ್ಲುಬಂಡೆ, ಅದರಾಚೆ ಮಳೆ ಕೊರೆದ ಮೊರಂ ಏರು, ಕೊನೆಗೆ ಮರಳು ತುಂಬಿದ ಒಂದು ಹಳ್ಳ. ಹಳ್ಳದಲ್ಲಿ ವರ್ಷದ ಬಹುಪಾಲು ನೀರಿರುವುದಿಲ್ಲ. ಬಂದಾಗ ಮೊಣಕಾಲುದ್ದ ಬರುತ್ತದೆ. ಔಷಧಿಯ ಡ್ರಮ್ಮು, ಗೊಬ್ಬರದ ಮೂಟೆ, ಕೊಯ್ಲಿನ ಕಾಲಕ್ಕೆ ಬಾದಾಮಿ, ತೋತಾಪುರಿಯ ಕ್ರೇಟುಗಳು ಎಲ್ಲವೂ ಈ ದಾರಿಯಲ್ಲೇ ಓಡಾಡಬೇಕು. ಅದಕ್ಕೆಂದು ನಾನು ಇಟ್ಟುಕೊಂಡಿರುವುದು ಹಳೆಯ ಮಾರುತಿ ಜಿಪ್ಸಿ ಕಿಂಗ್. 1298 ಸಿ.ಸಿ. ಎಂಜಿನ್ನಿಗೆ ಎಂಪಿಎಫ್‌ಐ (ಪೆಟ್ರೋಲನ್ನು ಒತ್ತಡದಿಂದ ಚಿಮ್ಮಿಸುವ ವ್ಯವಸ್ಥೆ) ಬಂದ ನಂತರದ ಮಾದರಿ, ಮೇಲೆ ಬಟ್ಟೆಯ ಹುಡ್. 1985ರಲ್ಲಿ ಮಾರುಕಟ್ಟೆಗೆ ಬಂದ ಜಿಪ್ಸಿಯ ಮಾರಾಟ ಈಗ ನಿಂತುಹೋಗಿದೆ. ಹಾಗಾಗಿ ಕೈಯಲ್ಲಿರುವುದನ್ನು ಗಟ್ಟಿಯಾಗಿ ಉಳಿಸಿಕೊಳ್ಳುವುದೇ ದಾರಿ.

ಇಂಥ ಗಾಡಿ ಕೊಂಡವರು ಮೊದಲು ಕೇಳುವುದು ದೊಡ್ಡ ಟೈರು, ಎತ್ತರದ ಶ್ಯಾಕಲ್ (ಪಟ್ಟಿ ಸ್ಪ್ರಿಂಗನ್ನು ಚಾಸಿಗೆ ತೂಗಿಹಾಕುವ ಕೊಂಡಿ), ಮುಂದೆ ಕಬ್ಬಿಣದ ಬಂಪರ್. ನನ್ನ ಅಭಿಪ್ರಾಯ ಬೇರೆ. ಮೊದಲ ದುಡ್ಡು ಮುಂದಿನ ಹೌಸಿಂಗಿಗೆ, ಅಂದರೆ ಮುಂದಿನ ಎರಡು ಚಕ್ರಗಳ ನಡುವಿನ ಆಕ್ಸಲ್ ಕವಚಕ್ಕೆ ಹೋಗಬೇಕು. ಜಿಪ್ಸಿಯಲ್ಲಿ ಎಂಜಿನ್ ಬೇಗ ಕೈಕೊಡುವುದಿಲ್ಲ. ಸವೆದು, ಸೋರಿ, ಸ್ಟೀರಿಂಗನ್ನು ನಡುಗಿಸುವುದು ಮುಂದಿನ ಚಕ್ರಗಳ ಹಿಂದಿರುವ ನಕಲ್.

ನಕಲ್ ಎಂದರೆ ಹೌಸಿಂಗಿನ ತುದಿಯಲ್ಲಿರುವ ಉಕ್ಕಿನ ಗುಂಡು, ಅದನ್ನು ಅಪ್ಪಿಕೊಂಡು ತಿರುಗುವ ಚಿಪ್ಪು. ಚಿಪ್ಪು ಮೇಲೊಂದು, ಕೆಳಗೊಂದು ಕಿಂಗ್‌ಪಿನ್ ಮೇಲೆ ನಿಂತಿರುತ್ತದೆ. ಪ್ರತಿ ಪಿನ್ನಿಗೂ ಒಂದು ಟೇಪರ್ ಬೇರಿಂಗ್. ಗುಂಡಿನ ಒಳಗೆ ಗ್ರೀಸಿನಲ್ಲಿ ಮುಳುಗಿರುವ ಜಾಯಿಂಟ್ ಚಕ್ರವನ್ನು ತಿರುಗಿಸುತ್ತದೆ. ಹೌಸಿಂಗಿನ ಗೇರ್ ಆಯಿಲ್ ಈ ಗ್ರೀಸಿಗೆ ಬೆರೆಯದಂತೆ ತಡೆಯುವುದು ಒಳಗಿರುವ ಒಂದು ಚಿಕ್ಕ ಸೀಲ್. ಆ ಸೀಲ್ ಹೋದರೆ ಆಯಿಲ್ ಗುಂಡಿಗೆ ನುಗ್ಗಿ, ಗ್ರೀಸನ್ನು ಕರಗಿಸಿ, ಕಪ್ಪು ಗಸಿಯಾಗಿ ಚಕ್ರದ ಒಳಮೈಗೆ ಇಳಿಯುತ್ತದೆ. ಹೊರಗಿನಿಂದ ನೋಡುವವರು ಹೊರಗಿನ ರಬ್ಬರ್ ಸೀಲನ್ನಷ್ಟೇ ಬದಲಿಸುತ್ತಾರೆ. ಸೋರಿಕೆ ಕೆಲವು ವಾರ ನಿಂತಂತೆ ಕಂಡು ಮತ್ತೆ ಶುರುವಾಗುತ್ತದೆ. ಹೌಸಿಂಗಿನಲ್ಲಿ ಆಯಿಲ್ ಕಡಿಮೆಯಾಗುತ್ತಿದ್ದರೆ ಒಳಸೀಲ್ ಹೋಗಿದೆ ಎಂದೇ ತಿಳಿಯಬೇಕು.

ನನ್ನ ಗಾಡಿಯಲ್ಲಿ ಗಂಟೆಗೆ ಐವತ್ತು-ಅರವತ್ತು ಕಿಲೋಮೀಟರ್ ವೇಗದಲ್ಲಿ ರಸ್ತೆಯ ಗುಂಡಿಗೆ ಬಿದ್ದರೆ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುವಷ್ಟು ನಡುಗುತ್ತಿತ್ತು. ಚಕ್ರದ ಬ್ಯಾಲೆನ್ಸಿಂಗ್ ಮಾಡಿಸಿ, ನಡುಕ ಹೀರುವ ಸ್ಟೀರಿಂಗ್ ಡ್ಯಾಂಪರ್ ಹಾಕಿಸಿ ಎಂದು ಸಲಹೆ ಕೊಟ್ಟವರು ಅನೇಕರು. ಡ್ಯಾಂಪರ್ ರೋಗದ ಲಕ್ಷಣವನ್ನು ಮುಚ್ಚಿಹಾಕುತ್ತದೆ, ಒಳಗೆ ಬೇರಿಂಗ್ ಸವೆಯುತ್ತಲೇ ಇರುತ್ತದೆ. ಮುಳಬಾಗಿಲಿನ ಹಿರಿಯ ಮೇಸ್ತ್ರಿಯೊಬ್ಬರು ತೋರಿಸಿಕೊಟ್ಟ ಪರೀಕ್ಷೆಯನ್ನು ಎಲ್ಲರೂ ಮನೆಯಲ್ಲೇ ಮಾಡಬಹುದು. ಮುಂದಿನ ಚಕ್ರವನ್ನು ಜಾಕ್ ಕೊಟ್ಟು ಎತ್ತಿ, ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಬೇಕು. ಆಟ (ಸಡಿಲವಾದ ಅಲುಗಾಟ) ಕಂಡರೆ ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಿರಬೇಕು. "ಬ್ರೇಕ್ ಒತ್ತಿದಾಗ ಆಟ ನಿಂತರೆ ಹಬ್ ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್. ಇದಕ್ಕೆ ಯಾವ ಯಂತ್ರವೂ ಬೇಡ ಅಣ್ಣಾ" ಎಂದರು ಅವರು. ನನ್ನ ಗಾಡಿಯಲ್ಲಿ ಆಟ ನಿಲ್ಲಲಿಲ್ಲ.

ಎರಡೂ ಕಡೆ ಬಿಚ್ಚಿದೆವು. ಚಕ್ರದ ನಡುವಿನ ಹಬ್ಬಿನ ಅಗಲವಾದ ನಟ್ಟಿಗೆ ಸರಿಯಾದ ಸಾಕೆಟ್ ಬೇಕು. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದು ತೆಗೆಯುವವರೇ ಹೆಚ್ಚು. ಹಾಗೆ ಹೊಡೆದ ನಟ್ಟನ್ನು ಮತ್ತೆ ಹದವಾಗಿ ಬಿಗಿಯಲು ಆಗುವುದಿಲ್ಲ. ನಾನು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಲೇತ್ ಅಂಗಡಿಯಲ್ಲಿ ದಪ್ಪ ಪೈಪಿನಿಂದ ಸಾಕೆಟ್ ಮಾಡಿಸಿಕೊಂಡೆ. ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ ಗಣಿಯ ಯಂತ್ರಗಳ ಜೊತೆ ಬೆಳೆದ ಕೈಚಳಕ ಆ ಊರಿನಲ್ಲಿ ಇನ್ನೂ ಉಳಿದಿದೆ. ಅಳತೆ ಹೇಳಿದರೆ ಸಾಲದು, ಕೆಲಸ ಏನೆಂದು ಕೇಳಿಯೇ ಅವರು ಯಂತ್ರಕ್ಕೆ ತುಂಡು ಕಟ್ಟುವುದು.

ಕಿಂಗ್‌ಪಿನ್ ಬೇರಿಂಗುಗಳನ್ನು ಅವುಗಳ ಹೊರಬಳೆ ಸಮೇತ ಬದಲಿಸಬೇಕು. ಹಳೆಯ ಬಳೆಗೆ ಹೊಸ ಬೇರಿಂಗ್ ಕೂರಿಸುವುದು ವ್ಯರ್ಥ. ನಂತರ ಬರುವುದು ಬಿಗಿ ನೋಡುವ ಕೆಲಸ. ಪಿನ್ನಿನ ಕೆಳಗೆ ತಗಡಿನಂತೆ ತೆಳುವಾದ ಶಿಮ್‌ಗಳಿರುತ್ತವೆ. ಶಿಮ್ ತೆಗೆದರೆ ಬಿಗಿ, ಸೇರಿಸಿದರೆ ಸಡಿಲ. ಬಿಗಿಯನ್ನು ಅಳೆಯಲು ನಾವು ಬಳಸಿದ್ದು ತೋಟದ ಮನೆಯಲ್ಲಿದ್ದ ಸ್ಪ್ರಿಂಗ್ ತಕ್ಕಡಿ. ಹೊರಗಿನ ರಬ್ಬರ್ ಸೀಲ್ ಇಲ್ಲದೆ, ಎರಡು ಚಕ್ರಗಳನ್ನು ಜೋಡಿಸುವ ಟೈರಾಡ್ ಬಿಚ್ಚಿಟ್ಟು, ಟೈರಾಡ್ ಕೂರುವ ತೂತಿಗೆ ತಕ್ಕಡಿಯ ಕೊಕ್ಕೆ ಹಾಕಿ ಎಳೆಯಬೇಕು. ನಕಲ್ ಅಲ್ಲಾಡಲು ಶುರುವಾಗುವ ಹೊತ್ತಿಗೆ ಮುಳ್ಳು 1 ಕೆ.ಜಿ. ದಾಟಿರಬೇಕು, 2 ಕೆ.ಜಿ. ಮುಟ್ಟಬಾರದು. ಬಹಳ ಕಡೆ ಈ ಹಂತವನ್ನೇ ಬಿಟ್ಟುಬಿಡುತ್ತಾರೆ. ಹಳೆಯ ಶಿಮ್‌ಗಳನ್ನು ಇದ್ದಂತೆಯೇ ಹಾಕಿ ಬೋಲ್ಟ್ ಬಿಗಿದು ಕಳಿಸಿದರೆ ಹೊಸ ಬೇರಿಂಗ್ ಇದ್ದರೂ ನಡುಕ ಹೋಗುವುದಿಲ್ಲ. ಗಾಡಿಯನ್ನು ಬೇರೆಯವರಿಗೆ ಒಪ್ಪಿಸಿದರೂ ಈ ಒಂದು ಹೊತ್ತಿಗೆ ಪಕ್ಕದಲ್ಲಿ ನಿಂತಿರುವುದು ಒಳ್ಳೆಯದು.

ಒಳಸೀಲ್ ಹಾಕಿದ ಮೇಲೆ ಶಾಫ್ಟನ್ನು ಒಳಗೆ ತಳ್ಳುವಾಗ ಅದರ ಹಲ್ಲುಗಳು ಸೀಲಿನ ತುಟಿಗೆ ತಾಗದಂತೆ ನೇರವಾಗಿ ಹಿಡಿಯಬೇಕು. ಶಾಫ್ಟ್ ಭಾರ, ಒಬ್ಬರೇ ಮಾಡಿದರೆ ಅದು ಕೆಳಗೆ ಜೋತು ಸೀಲನ್ನು ಹರಿಯುತ್ತದೆ. ಶಾಫ್ಟಿನ ಮೇಲೆ ಹಳೆಯ ಸೀಲ್ ಗೀರು ಮಾಡಿದ್ದರೆ ಹೊಸ ಸೀಲನ್ನು ಒಂದೆರಡು ಮಿಲಿಮೀಟರ್ ಆಚೀಚೆ ಕೂರಿಸಿ, ತುಟಿ ನುಣುಪಾದ ಜಾಗದ ಮೇಲೆ ಬರುವಂತೆ ಮಾಡಬಹುದು. ಈ ಕೆಲಸ ಮುಗಿಸಿ ಕೋಲಾರದವರೆಗೆ ಓಡಿಸಿದಾಗ ಸ್ಟೀರಿಂಗ್ ಕೈಯಲ್ಲಿ ಸುಮ್ಮನೆ ಕುಳಿತಿತ್ತು. ನನಗಾದ ಸಂತೋಷವನ್ನು ಯಾವ ಹೊಸ ಬಂಪರ್ ಕೊಡುತ್ತಿತ್ತೋ ಗೊತ್ತಿಲ್ಲ.

ಆಯಿಲ್ ಬದಲಿಸುವಾಗ ಒಂದು ನಿಯಮ: ಮೊದಲು ತುಂಬುವ ಪ್ಲಗ್ ಬಿಚ್ಚಬೇಕು, ಆಮೇಲೆ ಇಳಿಸುವ ಪ್ಲಗ್. ಹಳೆಯ ಗಾಡಿಯಲ್ಲಿ ಮೇಲಿನ ಪ್ಲಗ್ ತುಕ್ಕು ಹಿಡಿದು ಬಿಚ್ಚದೆ ಹೋದರೆ, ಕೆಳಗಿನಿಂದ ಆಯಿಲ್ ಪೂರ್ತಿ ಇಳಿಸಿಬಿಟ್ಟ ಗಾಡಿ ನಿಂತಲ್ಲೇ ನಿಲ್ಲಬೇಕಾಗುತ್ತದೆ. ಮುಂದಿನ ಹೌಸಿಂಗಿಗೆ 2 ಲೀಟರ್, ಹಿಂದಿನದಕ್ಕೆ 1.5 ಲೀಟರ್ ಹಿಡಿಯುತ್ತದೆ. ಎರಡಕ್ಕೂ ಜಿಎಲ್-5 ದರ್ಜೆಯ ಆಯಿಲ್. ಗೇರ್‌ಬಾಕ್ಸಿನಲ್ಲಿ ಹಿತ್ತಾಳೆಯ ಸಿಂಕ್ರೊ ಬಳೆಗಳಿರುವುದರಿಂದ ಅಲ್ಲಿಗೆ ಜಿಎಲ್-4. ಇಳಿದ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣದಲ್ಲಿದ್ದರೆ ಒಳಗೆ ನೀರು ಹೋಗಿದೆ. ನಮ್ಮ ಹಳ್ಳದಂಥ ಕಡೆ ಹೀಗಾಗುವುದಕ್ಕೆ ಕಾರಣವಿದೆ. ದೂರ ಓಡಿ ಬಿಸಿಯಾದ ಹೌಸಿಂಗ್ ಏಕಾಏಕಿ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಉಸಿರಾಟದ ನಳಿಕೆ ಕೆಸರಿನಿಂದ ಕಟ್ಟಿದ್ದರೆ ಸೀಲುಗಳ ಮೂಲಕ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಎರಡೂ ಹೌಸಿಂಗಿನ ಉಸಿರಾಟದ ನಳಿಕೆಗೆ ರಬ್ಬರ್ ಪೈಪ್ ಜೋಡಿಸಿ, ಮುಂದಿನದನ್ನು ಎಂಜಿನ್ ಕೋಣೆಯ ಮೇಲ್ಭಾಗಕ್ಕೆ, ಹಿಂದಿನದನ್ನು ಬಾಡಿಯ ಎತ್ತರದ ಮೂಲೆಗೆ ಕಟ್ಟಿದ್ದೇನೆ. ನನ್ನ ಗಾಡಿಯ ಅತ್ಯಂತ ಅಗ್ಗದ ಸುಧಾರಣೆ ಇದು, ಎಲ್ಲರಿಗೂ ಮೊದಲು ಹೇಳುವುದೂ ಇದನ್ನೇ.

ಇನ್ನು ಟೈರು. ಜಿಪ್ಸಿ ಕಿಂಗಿಗೆ ಕಂಪನಿ ಕೊಟ್ಟಿದ್ದು 205/70 ಆರ್15. ಬಹುತೇಕರು 215/75 ಅಥವಾ 235/75ಕ್ಕೆ ಹೋಗುತ್ತಾರೆ. ಲೆಕ್ಕ ಹಾಕಿ ನೋಡಿದೆ. 205/70ರ ಎತ್ತರ 668 ಮಿ.ಮೀ., 235/75ರದು 733 ಮಿ.ಮೀ. ದಾಟುತ್ತದೆ. ಹೌಸಿಂಗ್ ನೆಲದಿಂದ ಮೇಲೇಳುವುದು ಈ ವ್ಯತ್ಯಾಸದ ಅರ್ಧದಷ್ಟು, ಅಂದರೆ ಸುಮಾರು 33 ಮಿ.ಮೀ. ಅದಕ್ಕೆ ಕೊಡುವ ಬೆಲೆ ಎಂದರೆ ಪ್ರತಿ ಗೇರಿನಲ್ಲೂ ಎಳೆತ ಹತ್ತಿರ ಹತ್ತಿರ ಶೇ 10 ಕಡಿಮೆ. ಜಿಪ್ಸಿಯಲ್ಲಿ ಎಳೆತವನ್ನು ಮುಂದಿನ, ಹಿಂದಿನ ಹೌಸಿಂಗಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹೈಗೂ (ಮಾಮೂಲಿ ಗೇರು) ಲೋಗೂ (ಹೆಚ್ಚು ಎಳೆತದ ಗೇರು) ಇರುವ ಅಂತರವೇ ಸುಮಾರು 1.6 ಪಟ್ಟು, ಹಳೆಯ ಸಿಜೆ ಜೀಪುಗಳ ಸ್ಪೈಸರ್ 18 ಎಂಬ ಟ್ರಾನ್ಸ್‌ಫರ್ ಕೇಸಿನಲ್ಲಿ ಅದು 2.4 ಪಟ್ಟಿಗೂ ಹೆಚ್ಚು. ಮೊದಲೇ ಕಡಿಮೆಯಿರುವ ಲೋ ಎಳೆತವನ್ನು ಟೈರಿಗೆ ಬಿಟ್ಟುಕೊಟ್ಟರೆ ಮೂಟೆ ಹೇರಿದ ಗಾಡಿ ಮೊರಂ ಏರಿನಲ್ಲಿ ಕ್ಲಚ್ ಸುಡುತ್ತದೆ. ಟೈರಿನ ಹೆಚ್ಚಿದ ತೂಕ ಅದೇ ಕಿಂಗ್‌ಪಿನ್ ಬೇರಿಂಗಿನ ಮೇಲೆ ಬೀಳುತ್ತದೆ. ನಾನು ಅಳತೆಯನ್ನು ಹಾಗೆಯೇ ಉಳಿಸಿಕೊಂಡು ಆಲ್ ಟೆರೇನ್ ಅಚ್ಚಿನ ಟೈರು ಹಾಕಿಸಿದೆ. ಬಂಡೆಗಳ ಮೇಲೆ, ಹಳ್ಳದ ಮರಳಿನಲ್ಲಿ ಗಾಳಿಯನ್ನು 16-18 ಪಿಎಸ್‌ಐಗೆ ಇಳಿಸುತ್ತೇನೆ. ಟೈರು ನೆಲವನ್ನು ಅಗಲವಾಗಿ ಹಿಡಿಯುತ್ತದೆ, ಗಾಡಿಯ ಬಡಿತವೂ ಅರ್ಧ ಇಳಿಯುತ್ತದೆ. ಡಾಂಬರಿಗೆ ಬಂದೊಡನೆ ಬ್ಯಾಟರಿಗೆ ಸಿಕ್ಕಿಸುವ ಚಿಕ್ಕ ಕಂಪ್ರೆಸರಿನಿಂದ ಮತ್ತೆ ತುಂಬಿಸಲೇಬೇಕು. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಟೈರು ಕಾದು ಒಡೆಯುತ್ತದೆ.

ಉದ್ದನೆಯ ಶ್ಯಾಕಲ್ ಹಾಕಿ ಎತ್ತರಿಸುವುದೂ ನನಗೆ ಒಪ್ಪಿಗೆಯಿಲ್ಲ. ಮುಂದಿನ ಹೌಸಿಂಗ್ ಓರೆಯಾಗಿ ಕ್ಯಾಸ್ಟರ್ ಕೋನ (ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ, ತಿರುವಿನ ನಂತರ ಸ್ಟೀರಿಂಗ್ ತಾನಾಗಿ ಮರಳುವುದಿಲ್ಲ. ಕುಸಿದ ಸ್ಪ್ರಿಂಗ್ ಪ್ಲೇಟುಗಳ ಜಾಗಕ್ಕೆ ಹೊಸ ಸೆಟ್, ಎಲ್ಲ ಬುಷ್, ಟ್ರಾನ್ಸ್‌ಫರ್ ಕೇಸಿನ ರಬ್ಬರ್ ಮೌಂಟುಗಳು, ಗ್ಯಾಸ್ ಶಾಕ್ ಅಬ್ಸಾರ್ಬರ್ ಇಷ್ಟು ಹಾಕಿಸಿದ್ದೇನೆ. ಕ್ಲಚ್ ಬಿಡುವಾಗ ಸೀಟಿನ ಕೆಳಗಿನಿಂದ ಬರುತ್ತಿದ್ದ ಬಡಿತ ಆ ಮೌಂಟುಗಳದ್ದೇ.

ಫೋರ್ ವೀಲ್ ಬಳಕೆಯ ಬಗ್ಗೆ ಒಂದು ಮಾತು. ಜಿಪ್ಸಿಯಲ್ಲಿ ಮುಂದಿನ ಮತ್ತು ಹಿಂದಿನ ಹೌಸಿಂಗ್ ನಡುವೆ ಡಿಫರೆನ್ಷಿಯಲ್ (ಎರಡರ ವೇಗದ ವ್ಯತ್ಯಾಸಕ್ಕೆ ಎಡೆಕೊಡುವ ಗೇರು) ಇಲ್ಲ. ಒಣ ಡಾಂಬರಿನಲ್ಲಿ ಫೋರ್ ಹಾಕಿ ತಿರುಗಿಸಿದರೆ ಶಾಫ್ಟು, ಕ್ರಾಸು (ಶಾಫ್ಟಿನ ಕೀಲು), ಗೇರುಗಳು ಒಂದನ್ನೊಂದು ತಿರುಚುತ್ತವೆ. ಹಾಗೆಂದು ತಿಂಗಳುಗಟ್ಟಲೆ ಹಾಕದೆಯೇ ಬಿಟ್ಟರೆ ಮುಂದಿನ ಗೇರುಗಳಿಗೂ ಮೇಲಿನ ಸೀಲುಗಳಿಗೂ ಎಣ್ಣೆ ತಲುಪುವುದಿಲ್ಲ, ಲಿವರ್ ಬಿಗಿಯುತ್ತದೆ. ತೋಟಕ್ಕೆ ಕೆಲಸವಿಲ್ಲದ ತಿಂಗಳಲ್ಲೂ ಕೆರೆಯಂಗಳದಲ್ಲಿ ಹಬ್ ಲಾಕ್ ಮಾಡಿ (ಮುಂದಿನ ಚಕ್ರಗಳನ್ನು ಶಾಫ್ಟಿಗೆ ಜೋಡಿಸಿ), ಹೈ, ಲೋ ಎರಡರಲ್ಲೂ ಸ್ವಲ್ಪ ದೂರ ಓಡಿಸುವುದನ್ನು ತಪ್ಪಿಸುವುದಿಲ್ಲ.

ಪೆಟ್ರೋಲಿನಲ್ಲಿ ಈಗ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಈ ಗಾಡಿಯ ರಬ್ಬರ್ ನಳಿಕೆಗಳನ್ನು ಮಾಡಿದ ಕಾಲಕ್ಕೆ ಅಂಥ ಇಂಧನ ಇರಲಿಲ್ಲ. ಟ್ಯಾಂಕಿನಿಂದ ಎಂಜಿನ್ನಿನವರೆಗಿನ ಎಲ್ಲ ರಬ್ಬರ್ ನಳಿಕೆಗಳನ್ನು ಎಥೆನಾಲ್ ತಡೆಯುವ ದರ್ಜೆಯವಕ್ಕೆ ಬದಲಿಸಿದ್ದೇನೆ. ಎಂಪಿಎಫ್‌ಐ ಎಂಜಿನ್ನಿನಲ್ಲಿ ಪೆಟ್ರೋಲ್ ಒತ್ತಡದಲ್ಲಿ ಹರಿಯುವುದರಿಂದ ಬಿರುಕುಬಿಟ್ಟ ನಳಿಕೆ ಬೆಂಕಿಗೆ ದಾರಿ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ಗಾಡಿ ನಿಂತೇ ಇರುವ ದಿನಗಳಲ್ಲಿ ಟ್ಯಾಂಕನ್ನು ಅರ್ಧ ಖಾಲಿ ಬಿಡದೆ ತುಂಬಿಸಿಡುತ್ತೇನೆ.

ಕೋಲಾರ ಜಿಲ್ಲೆ ಒಣ ನಾಡು, ತುಕ್ಕಿನ ಭಯವಿಲ್ಲ ಎನ್ನುತ್ತಾರೆ. ತೋಟದ ಗಾಡಿಗೆ ತುಕ್ಕು ಬರುವುದು ಮಳೆಯಿಂದಲ್ಲ, ಪೊಟ್ಯಾಷ್ ಗೊಬ್ಬರದಿಂದ, ಬೂದಿರೋಗಕ್ಕೆ ಹೊಡೆಯುವ ಗಂಧಕದ ನೀರಿನಿಂದ. ಪೊಟ್ಯಾಷಿನಲ್ಲಿರುವ ಕ್ಲೋರೈಡ್ ಕಬ್ಬಿಣವನ್ನು ಬಲು ಬೇಗ ತಿನ್ನುತ್ತದೆ. ಹಿಂದಿನ ನೆಲದ ತಗಡಿನಲ್ಲಿ ಕೊಳೆತ ಭಾಗ ಕತ್ತರಿಸಿ ಹೊಸ ತಗಡು ಬೆಸೆದು, ಮೇಲೆ ದಪ್ಪ ರಬ್ಬರ್ ಹಾಸಿನ ಬದಲು ತೆಗೆದು ತೊಳೆಯಬಹುದಾದ ಪ್ಲಾಸ್ಟಿಕ್ ತೊಟ್ಟಿ ಇಟ್ಟಿದ್ದೇನೆ. ರಬ್ಬರ್ ಹಾಸು ತೇವವನ್ನು ಅಡಿಯಲ್ಲೇ ಹಿಡಿದಿಡುತ್ತದೆ. ಔಷಧಿ ಸಾಗಿಸಿದ ಸಂಜೆಯೇ ನೀರು ಹೊಡೆದು, ನೆಲದ ತೂತುಗಳ ಬಿರಡೆ ತೆಗೆದಿಡುತ್ತೇನೆ.

ಕಾಗದದ ವಿಷಯ ಚುಟುಕಾಗಿ ಹೇಳುತ್ತೇನೆ. 15 ವರ್ಷ ದಾಟಿದ ಖಾಸಗಿ ವಾಹನಕ್ಕೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. 20 ವರ್ಷ ದಾಟಿದ ಕಾರು, ಜೀಪುಗಳಿಗೆ ಶುಲ್ಕವನ್ನು 2025ರಲ್ಲಿ 10,000 ರೂಪಾಯಿಗೆ ಏರಿಸಲಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದ ಮಾರ್ಪಾಡು ಮಾಡುವಂತಿಲ್ಲ. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನೇ ಎತ್ತಿಹಿಡಿಯಿತು. ಮೂಲ ಅಳತೆಯ ಟೈರು, ಮೂಲ ಎತ್ತರ ಉಳಿಸಿಕೊಂಡದ್ದರಿಂದ ತಪಾಸಣೆಗೆ ಗಾಡಿ ಒಯ್ಯುವಾಗ ನಾನು ಏನನ್ನೂ ಬಿಚ್ಚಿಡಬೇಕಾಗಿಲ್ಲ.

ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯೇ ಗತಿ. ನಕಲ್ ಸೀಲ್, ಕಿಂಗ್‌ಪಿನ್ ಬೇರಿಂಗ್, ಕ್ರಾಸ್, ಟೈಮಿಂಗ್ ಬೆಲ್ಟ್ ಇವುಗಳ ಒಂದೊಂದು ಸೆಟ್ ಸಿಕ್ಕಾಗಲೇ ಕೊಂಡು ಮನೆಯಲ್ಲಿಟ್ಟಿದ್ದೇನೆ. ಬೇರಿಂಗನ್ನು ಡಬ್ಬಿಯ ಮುದ್ರಣ ನೋಡಿ ಕೊಳ್ಳಬಾರದು, ಬೇರಿಂಗಿನ ಮೇಲೆ ಕೊರೆದ ಸಂಖ್ಯೆಯನ್ನು ಹಳೆಯದರ ಜೊತೆ ಹೋಲಿಸಿಯೇ ದುಡ್ಡು ಕೊಡಬೇಕು. ಈಗ ಬಾಕಿಯಿರುವುದು ಕ್ಲಚ್ ಪ್ಲೇಟ್. ಮಾವು ಹೂ ಬಿಡುವುದರೊಳಗೆ ಅದನ್ನು ಮುಗಿಸಬೇಕು. ಹೂ ಬಂತೆಂದರೆ ಔಷಧಿ ಹೊಡೆಯುವ ಕೆಲಸ ಶುರು, ಕೊಯ್ಲು ಮುಗಿಯುವವರೆಗೆ ಗಾಡಿಗೆ ಬಿಡುವಿರುವುದಿಲ್ಲ.